400019: ಮಾಟುಂಗಾ ಪಿನ್‌ಕೋಡಿನ ಒಳಗಿನ ಲೆಕ್ಕ (ಪದೇ ಪದೇ ಕೇಳುವ ಪ್ರಶ್ನೆಗಳು)

ಮುಂಬೈಯ ಮಾಟುಂಗಾಕ್ಕೆ ಬರುವ ಲಕೋಟೆಗಳ ಮೇಲೆ ಸಾಮಾನ್ಯವಾಗಿ ಈ ಆರು ಅಂಕಿಗಳಿರುತ್ತವೆ. ಮೈಸೂರು ಅಸೋಸಿಯೇಶನ್ನಿನ ಆಮಂತ್ರಣ ಪತ್ರಿಕೆಯಿರಲಿ, ಕರೆಂಟ್ ಬಿಲ್ಲಿರಲಿ, ಕೊನೆಯ ಸಾಲು ಇದೇ. ಈ ಸಂಖ್ಯೆಯನ್ನು ಬಿಚ್ಚಿ ನೋಡಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಪೆನ್ನು, ಹಾಳೆ, ಅಂಗಡಿಯ ಗಲ್ಲಾದ ಮೇಲಿರುವಂಥ 12 ಅಂಕಿಯ ಕ್ಯಾಲ್ಕುಲೇಟರ್ ಇಟ್ಟುಕೊಂಡರೆ ಹೆಚ್ಚುಕಮ್ಮಿ ಎಲ್ಲವನ್ನೂ ನೀವೇ ಮಾಡಿ ನೋಡಬಹುದು. ಹೋಲಿಕೆಗೆಂದು ಮುಂಬೈ ಜಿಪಿಒದ (ಪ್ರಧಾನ ಅಂಚೆ ಕಚೇರಿಯ) 400001, ಪುಣೆಯ 411001, ಪಣಜಿಯ 403001 ನಡುನಡುವೆ ಬರುತ್ತವೆ.

ಪಿನ್‌ಕೋಡ್ ಬರೀ ಗುರುತಲ್ಲವೇ? ಅದಕ್ಕೆ ಗಣಿತದ ಗುಣ ಎಲ್ಲಿಂದ ಬರಬೇಕು?

ಗುರುತೇ ಹೌದು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂತು. ಮೊದಲ ಅಂಕಿ 4 ಎಂದರೆ ಪಶ್ಚಿಮ ವಲಯ. ಮೊದಲ ಮೂರು ಅಂಕಿಗಳು ಸೇರಿ ಕಾಗದ ವಿಂಗಡಿಸುವ ಜಿಲ್ಲೆ. 400 ಮುಂಬೈ, 411 ಪುಣೆ, 403 ಗೋವಾ. ಎರಡು ಪಿನ್‌ಕೋಡ್ ಕೂಡಿದರೆ ಅಂಚೆಯವನಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಆದರೆ ನಾಲ್ಕು ಲಕ್ಷದ ಹತ್ತೊಂಬತ್ತು ಎಂಬ ಪೂರ್ಣಸಂಖ್ಯೆ ಅಂಚೆ ಇಲಾಖೆಗೆ ಮೊದಲೂ ಇತ್ತು. ಅದರ ಗುಣಗಳಲ್ಲಿ ಎರಡು ಜಾತಿ, ಅವನ್ನು ಬೆರೆಸಬಾರದು. ಒಂದು, ಸಂಖ್ಯೆಯದೇ ಗುಣ: ಯಾವುದರಿಂದ ಭಾಗವಾಗುತ್ತದೆ, ಎಷ್ಟು ವರ್ಗಗಳ ಮೊತ್ತ, ಇತ್ಯಾದಿ. ಅಷ್ಟು ಕಡಲೆಕಾಳನ್ನು ಸಾಲಾಗಿ ಇಟ್ಟರೂ ಆ ಗುಣ ಹಾಗೇ ಇರುತ್ತದೆ. ಇನ್ನೊಂದು, ಬರಹದ ಗುಣ: ಅಂಕಿಗಳ ಮೊತ್ತ, ತಿರುಗಿಸಿ ಬರೆದರೆ ಏನಾಗುತ್ತದೆ ಎಂಬಂಥದು. ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ ಎಂಬ ಕಾರಣಕ್ಕೆ ಮಾತ್ರ ಇವು ಇವೆ. ಮೊದಲ ಜಾತಿ ಗಟ್ಟಿ, ಎರಡನೆಯದು ಮಜಾ.

400019 ಅವಿಭಾಜ್ಯ ಸಂಖ್ಯೆಯೇ?

ಅಲ್ಲ. 400019 = 337 × 1187. ಎರಡು ಅಪವರ್ತನಗಳೂ ಅವಿಭಾಜ್ಯ, ಆದ್ದರಿಂದ ಇದಕ್ಕಿಂತ ಮುಂದೆ ಒಡೆಯುವುದಿಲ್ಲ.

ನೋಡಿದರೆ ಹಾಗೆ ಅನ್ನಿಸುವುದಿಲ್ಲ, ಅದು ನಿಜ. ಬೆಸ, 5ರಲ್ಲಿ ಮುಗಿಯುವುದಿಲ್ಲ, ಅಂಕಿಗಳ ಮೊತ್ತ 14 ಆದ್ದರಿಂದ 3ರಿಂದ ಹೋಗುವುದಿಲ್ಲ. ಇಷ್ಟು ನೋಡಿ "ಅವಿಭಾಜ್ಯವೇ ಇರಬೇಕು" ಎಂದು ಬಿಟ್ಟುಬಿಡುವವರೇ ಹೆಚ್ಚು. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ 13ಕ್ಕೆ ಒಂದು ಅವಿಭಾಜ್ಯ.

ಕೈಲೆಕ್ಕದಲ್ಲಿ ಈ ಅಪವರ್ತನ ಹುಡುಕುವುದು ಹೇಗೆ?

ಸಣ್ಣ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋಗಬೇಕು. ಆದರೆ ಎಲ್ಲಕ್ಕೂ ಪೂರ್ತಿ ಭಾಗಾಕಾರ ಬೇಕಿಲ್ಲ. ಮೊದಲ ಕೆಲವನ್ನು ಗುಂಪಾಗಿ ಮುಗಿಸಬಹುದು.

7, 11, 13 ಮೂರಕ್ಕೂ ಒಂದೇ ಕಳೆಯುವ ಲೆಕ್ಕ ಸಾಕು, ಏಕೆಂದರೆ 7 × 11 × 13 = 1001. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ, ಒಂದರಿಂದ ಇನ್ನೊಂದನ್ನು ಕಳೆಯಿರಿ: 400 − 019 = 381. ಇದು 7ರಿಂದ ಹೋಗುವುದಿಲ್ಲ (ಶೇಷ 3), 11ರಿಂದ ಇಲ್ಲ (ಶೇಷ 7), 13ರಿಂದಲೂ ಇಲ್ಲ (ಶೇಷ 4). ಮೂರೂ ಮುಗಿಯಿತು. 37ಕ್ಕೆ ಅದೇ ತುಂಡುಗಳನ್ನು ಕೂಡಬೇಕು, ಏಕೆಂದರೆ 999 = 27 × 37. 400 + 019 = 419, 37ರಿಂದ ಭಾಗಿಸಿದರೆ ಶೇಷ 12. 101ಕ್ಕೆ ಎರಡೆರಡು ಅಂಕಿಯ ತುಂಡು, ಕೂಡು-ಕಳೆ ಸರದಿಯಲ್ಲಿ: 19 − 00 + 40 = 59. ಅದೂ ಇಲ್ಲ.

ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. ಮುಂಬೈ ಜಿಪಿಒದ 400001 ತೆಗೆದುಕೊಳ್ಳಿ. 400 − 001 = 399 = 3 × 7 × 19. ಇದನ್ನು ನೋಡಿ 3, 7, 19 ಮೂರೂ ಹೋಗುತ್ತವೆ ಎಂದು ಬರೆದುಬಿಡುತ್ತಾರೆ. 1001ರ ಉಪಾಯ 7, 11, 13ರ ಬಗ್ಗೆ ಮಾತ್ರ ಮಾತಾಡುತ್ತದೆ. 399ರಲ್ಲಿ 3, 19 ಸಿಕ್ಕಿದ್ದು ಕಾಕತಾಳೀಯ. ಸರಿಯಾದ ಉತ್ತರ 400001 = 7 × 57143, ಅಷ್ಟೇ. 57143 ಅವಿಭಾಜ್ಯ.

ಉಳಿದ ಅವಿಭಾಜ್ಯಗಳಿಗೆ ಕ್ಯಾಲ್ಕುಲೇಟರ್ ಹಿಡಿಯಿರಿ: 17, 19, 23, 29... ಹೀಗೆ. 400019ರ ಮಟ್ಟಿಗೆ ತಾಳ್ಮೆ ಬೇಕು. 331 ಕೂಡ ಕೈಕೊಡುತ್ತದೆ, ಅದರ ಮುಂದಿನದಾದ 337ರಲ್ಲಿ ಗೆಲುವು. 337 ಎಂದರೆ 68ನೆಯ ಅವಿಭಾಜ್ಯ.

ಎಲ್ಲಿಯ ತನಕ ಭಾಗಿಸಬೇಕು?

ವರ್ಗಮೂಲದ ತನಕ. 632² = 399424, 633² = 400689. ಎರಡು ಅಪವರ್ತನಗಳೂ 632ಕ್ಕಿಂತ ದೊಡ್ಡದಾದರೆ ಗುಣಲಬ್ಧ 400019ನ್ನು ಮೀರುತ್ತದೆ. ಆದ್ದರಿಂದ ಕೊನೆಗೆ ಪರೀಕ್ಷಿಸಬೇಕಾದ ಅವಿಭಾಜ್ಯ 631, ಅದು 115ನೆಯದು. ಅರ್ಧದ ತನಕ, ಅಂದರೆ ಎರಡು ಲಕ್ಷದವರೆಗೆ ಹೋಗಬೇಕೆಂದು ತಿಳಿದು ಹೆದರುವವರಿದ್ದಾರೆ. ಬೇಕಿಲ್ಲ.

ಕ್ಯಾಲ್ಕುಲೇಟರಿನಲ್ಲಿ ಶೇಷ ಕಾಣುವುದಿಲ್ಲವಲ್ಲ?

400019 ÷ 331 ಒತ್ತಿದರೆ 1208.5166... ಬರುತ್ತದೆ. 1208 ಕಳೆದು ಉಳಿದದ್ದನ್ನು 331ರಿಂದ ಗುಣಿಸಿದರೆ 170.99 ಅಥವಾ 171.00ರ ಆಸುಪಾಸು, ಶೇಷ 171. ಇನ್ನೂ ಖಚಿತ ದಾರಿ: 1208 × 331 = 399848 ಮಾಡಿ 400019ರಿಂದ ಕಳೆಯುವುದು.

ಸಿಕ್ಕ ಉತ್ತರವನ್ನು ಒಂಬತ್ತರಿಂದ ತಾಳೆ ನೋಡಿ. 337ರ ಅಂಕಿಗಳು 13, ಅದರಿಂದ 4. 1187ರವು 17, ಅದರಿಂದ 8. 4 × 8 = 32, ಅದರಿಂದ 5. 400019ರ ಅಂಕಿಗಳು 14, ಅದರಿಂದಲೂ 5. ತಾಳೆಯಾಯಿತು. ಅಂಕಿ ಅದಲುಬದಲಾದರೆ (400091 ಎಂದು ಬರೆದರೆ) ಈ ತಾಳೆ ಅದನ್ನು ಹಿಡಿಯುವುದಿಲ್ಲ, ನೆನಪಿರಲಿ.

68 ಭಾಗಾಕಾರಕ್ಕಿಂತ ಬೇಗ ಒಡೆಯುವ ದಾರಿ ಇದೆಯೇ?

ಫ್ರೆಂಚ್ ಗಣಿತಜ್ಞ ಫರ್ಮಾನ ದಾರಿ ಎಲ್ಲರೂ ಹೇಳುವುದು: ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯುವುದು. 633ರಿಂದ ಶುರುಮಾಡಿ ಒಂದೊಂದರ ವರ್ಗದಿಂದ 400019 ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡಬೇಕು. 633² ಕೊಡುವುದು 670, ವರ್ಗವಲ್ಲ. ಹೀಗೇ ಹೋಗಿ 762ರಲ್ಲಿ ಸಿಗುತ್ತದೆ: 762² − 425² = 580644 − 180625 = 400019. ಆಮೇಲೆ 762 − 425 = 337, 762 + 425 = 1187. ಆದರೆ ಎಣಿಸಿ: 130 ಪ್ರಯತ್ನ! ನೇರ ಭಾಗಾಕಾರಕ್ಕಿಂತ ದುಪ್ಪಟ್ಟು. ಎರಡು ಅಪವರ್ತನಗಳು ಹತ್ತಿರವಿದ್ದರೆ ಮಾತ್ರ ಈ ದಾರಿ ಲಾಭ. ಇಲ್ಲಿ ಒಂದು ಇನ್ನೊಂದರ ಮೂರೂವರೆ ಪಟ್ಟು.

ಆ "ಮೂರೂವರೆ"ಯೇ ಬೀಗದ ಕೈ. ಮೂರೂವರೆ ಎಂದರೆ 7/2. ಸಣ್ಣದನ್ನು 7ರಿಂದ, ದೊಡ್ಡದನ್ನು 2ರಿಂದ ಗುಣಿಸಿದರೆ 2359 ಮತ್ತು 2374, ಬಹಳ ಹತ್ತಿರ. ಹಾಗಾಗಿ ಸಂಖ್ಯೆಯನ್ನೇ 14ರಿಂದ ಗುಣಿಸಿ (ಅರ್ಧದ ತೊಡಕು ತಪ್ಪಿಸಲು ಇನ್ನೊಂದು 4ರಿಂದಲೂ) ಫರ್ಮಾನ ದಾರಿ ಹಿಡಿಯಿರಿ:

56 × 400019 = 22401064. ಇದರ ವರ್ಗಮೂಲಕ್ಕೆ ಮೇಲಿನ ಮೊದಲ ಪೂರ್ಣಸಂಖ್ಯೆ 4733. 4733² = 22401289. ವ್ಯತ್ಯಾಸ 225, ಅಂದರೆ 15². ಮೊದಲ ಏಟಿಗೇ! 4733 + 15 = 4748. ಈಗ 4748 ಮತ್ತು 400019ರ ಮಸಾಅ (ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ) ತೆಗೆಯಿರಿ: 400019ನ್ನು 4748ರಿಂದ ಭಾಗಿಸಿದರೆ ಶೇಷ 1187; 4748 = 4 × 1187. ಮುಗಿಯಿತು.

14 ಎಂದು ಮೊದಲೇ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಗೊತ್ತಾಗುವುದಿಲ್ಲ, 1, 2, 3... ಎಂದು ಗುಣಕಗಳನ್ನು ಸರದಿಯಲ್ಲಿ ಪ್ರಯತ್ನಿಸಬೇಕು. 1974ರಲ್ಲಿ ಶರ್ಮನ್ ಲೆಹ್ಮನ್ ಇದನ್ನೇ ಕ್ರಮಬದ್ಧ ವಿಧಾನವಾಗಿ ಮಾಡಿದರು: ಮೊದಲು ಘನಮೂಲದ ತನಕ ನೇರ ಭಾಗಾಕಾರ (ಇಲ್ಲಿ 73ರವರೆಗೆ, 21 ಅವಿಭಾಜ್ಯಗಳು), ನಂತರ ಪ್ರತಿ ಗುಣಕಕ್ಕೆ ಒಂದೆರಡು ವರ್ಗಗಳ ಪರೀಕ್ಷೆ. ಇಷ್ಟರಲ್ಲಿ ಉತ್ತರ ಸಿಕ್ಕೇ ಸಿಗುತ್ತದೆ, ಸಿಗದಿದ್ದರೆ ಸಂಖ್ಯೆ ಅವಿಭಾಜ್ಯ. ನಮ್ಮ ಸಂಖ್ಯೆಗೆ 14ನೆಯ ಗುಣಕದಲ್ಲಿ ಸಿಕ್ಕಿತು.

ಅಪವರ್ತನ ಹುಡುಕದೆಯೇ "ಇದು ಅವಿಭಾಜ್ಯವಲ್ಲ" ಎನ್ನಬಹುದೇ?

ಅನ್ನಬಹುದು, ಅದೇ ಇದರ ಸೊಗಸು. ಅವಿಭಾಜ್ಯ ಸಂಖ್ಯೆಯಾಗಿದ್ದರೆ 2ರ 400018ನೆಯ ಘಾತವನ್ನು 400019ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು (ಫರ್ಮಾನ ಕಿರು ಪ್ರಮೇಯ). ಬರುವುದು 48204. ಆದ್ದರಿಂದ ಅದು ಸಂಯುಕ್ತ ಸಂಖ್ಯೆ, ಯಾವುದರಿಂದ ಭಾಗವಾಗುತ್ತದೆಂದು ಗೊತ್ತಿಲ್ಲದಿದ್ದರೂ.

ನಾಲ್ಕು ಲಕ್ಷ ಸಲ ಗುಣಿಸಬೇಕಿಲ್ಲ. ಘಾತವನ್ನು ದ್ವಿಮಾನದಲ್ಲಿ (0, 1 ಎರಡೇ ಅಂಕಿಗಳಲ್ಲಿ) ಬರೆದು (1100001101010010010) ಎಡದ ಮೊದಲ 1ಕ್ಕೆ 2 ಇಟ್ಟುಕೊಂಡು, ಉಳಿದ ಅಂಕಿಗಳನ್ನು ಒಂದೊಂದೇ ಓದುತ್ತ, ಪ್ರತಿ ಅಂಕಿಗೆ ವರ್ಗ ಮಾಡಿ, ಅಂಕಿ 1 ಆಗಿದ್ದರೆ ಮೇಲೊಂದು 2ರಿಂದ ಗುಣಿಸಿ, ಪ್ರತಿ ಸಲ 400019ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಬೇಕು. ಒಟ್ಟು 18 ವರ್ಗ, 7 ಇಮ್ಮಡಿ. ಮೊದಲ ಘಾತಗಳು 1, 3, 6, 12, 24: 2, 8, 64, 4096, ಆಮೇಲೆ 16777216ರ ಶೇಷ 376437. ಇಲ್ಲಿ ಒಂದು ಕೈಚಳಕ: ಶೇಷ ಅರ್ಧಕ್ಕಿಂತ ಹೆಚ್ಚಿದ್ದರೆ 400019 ಕಳೆದು ಋಣಸಂಖ್ಯೆಯಾಗಿ ಇಟ್ಟುಕೊಳ್ಳಿ. 376437ರ ಬದಲು −23582. ವರ್ಗ ಮಾಡಿದರೆ 556110724, ಶೇಷ 84314. ಇದು 48ನೆಯ ಘಾತ. ಕಳೆಯದೇ ಹೋದರೂ ಅತಿ ದೊಡ್ಡ ವರ್ಗ 400018² = 160014400324, ಸರಿಯಾಗಿ 12 ಅಂಕಿ. ಗಲ್ಲಾದ ಕ್ಯಾಲ್ಕುಲೇಟರಿನಲ್ಲಿ ಇದು ಹಿಡಿಸುತ್ತದೆ; 8 ಅಥವಾ 10 ಅಂಕಿಯದರಲ್ಲಿ ಹಿಡಿಸುವುದಿಲ್ಲ.

ತಿರುಗುಮುರುಗಾಗಿ ಮಾತ್ರ ನಂಬಬೇಡಿ. ಶೇಷ 1 ಬಂದರೆ ಅವಿಭಾಜ್ಯ ಎಂದು ಸಾಬೀತಾಗುವುದಿಲ್ಲ. 341 = 11 × 31, ಆದರೂ 2ರ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ.

ಎರಡು ಅವಿಭಾಜ್ಯಗಳ ಗುಣಲಬ್ಧ ಅಂದರೆ ಗುಪ್ತಲಿಪಿಗೆ ಬಳಸುವ ಸಂಖ್ಯೆ ತಾನೆ?

ಅದೇ ಬಗೆ, ಆಟಿಕೆಯ ಗಾತ್ರ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ರೂಪಿಸಿದ ಆರ್‌ಎಸ್‌ಎ ಪದ್ಧತಿಯನ್ನು ಇದರ ಮೇಲೆ ನಡೆಸಿ ನೋಡಬಹುದು.

ಎರಡು ಅಪವರ್ತನಗಳಿಂದಲೂ ಒಂದೊಂದು ಕಳೆದು ಗುಣಿಸಿ: 336 × 1186 = 398496. ಇದರೊಡನೆ ಸಾಮಾನ್ಯ ಅಪವರ್ತನವಿಲ್ಲದ ಒಂದು ಸಂಖ್ಯೆ ಬೀಗಕ್ಕೆ ಬೇಕು. ಪಾಠದ ಉದಾಹರಣೆಗಳಲ್ಲಿ ಬರುವ 3 ಇಲ್ಲಿ ನಡೆಯುವುದಿಲ್ಲ. 398496ರ ಅಂಕಿಗಳು 39, ಅದು 3ರಿಂದ ಹೋಗುತ್ತದೆ. ಹಾಗೂ 3 ಹಾಕಿದರೆ ಬೀಗ ಬೀಳುತ್ತದೆ, ತೆಗೆಯುವ ಕೀಲಿಕೈ ಇರುವುದೇ ಇಲ್ಲ. 5 ನಡೆಯುತ್ತದೆ. ಕೀಲಿಕೈ 318797, ಏಕೆಂದರೆ 5 × 318797 = 1593985 = 4 × 398496 + 1. ಈಗ 19 ಎಂಬ ಗುಟ್ಟನ್ನು ಬಚ್ಚಿಡಿ: 19ರ ಐದನೆಯ ಘಾತ 2476099, 400019ರಿಂದ ಭಾಗಿಸಿದ ಶೇಷ 75985. 75985ನ್ನು 318797ನೆಯ ಘಾತಕ್ಕೆ ಏರಿಸಿ ಶೇಷ ತೆಗೆದರೆ ಮತ್ತೆ 19. ಗುಟ್ಟು 2 ಆಗಿದ್ದರೆ? 2ರ ಐದನೆಯ ಘಾತ 32, ಸುತ್ತು ಬರುವಷ್ಟೂ ದೊಡ್ಡದಲ್ಲ. ಯಾರು ಬೇಕಾದರೂ ಊಹಿಸುತ್ತಾರೆ.

398496 ಯಾರ ಕೈಗಾದರೂ ಸಿಕ್ಕರೆ ಅಪವರ್ತನಗಳೂ ಸಿಕ್ಕ ಹಾಗೆಯೇ. 400019 + 1 − 398496 = 1524, ಅದು ಎರಡರ ಮೊತ್ತ. 1524² − 4 × 400019 = 722500 = 850², ಅದು ಎರಡರ ವ್ಯತ್ಯಾಸದ ವರ್ಗ. (1524 ± 850)ರ ಅರ್ಧ 1187 ಮತ್ತು 337. ನಿಜ ಬಳಕೆಯ 2048 ಬಿಟ್ ಸಂಖ್ಯೆಗೆ 617 ಅಂಕಿಗಳಿರುತ್ತವೆ. ಆರು ಅಂಕಿಯದನ್ನು ಫೋನು ಕಣ್ಣು ಮಿಟುಕಿಸುವುದರಲ್ಲಿ ಒಡೆಯುತ್ತದೆ.

ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು?

ನಾಲ್ಕು: 1, 337, 1187, 400019. ಮೊತ್ತ 338 × 1188 = 401544. ತನ್ನನ್ನು ಬಿಟ್ಟರೆ 1525 ಮಾತ್ರ, ಹಾಗಾಗಿ ನ್ಯೂನ ಸಂಖ್ಯೆ. ಭಾಜಕಗಳ ಲೆಕ್ಕದಲ್ಲಿ ಬಡಪಾಯಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವ ಮಕ್ಕಳಿಗೆ ಒಂದು ಮಾತು: ಮರಾಠಿಯ "ಮೂಳ ಸಂಖ್ಯಾ" ನಮ್ಮ ಅವಿಭಾಜ್ಯ ಸಂಖ್ಯೆ, ಮೂಳೆಗೂ ಅದಕ್ಕೂ ಸಂಬಂಧವಿಲ್ಲ. ಅವರ ಮಸಾವಿ, ಲಸಾವಿ ನಮ್ಮ ಮಸಾಅ, ಲಸಾಅ.

337ರದ್ದು ಬರಹದ ಒಂದು ಗುಣ ಚಂದ: ಅಂಕಿಗಳನ್ನು ಹೇಗೆ ಬದಲಿಸಿದರೂ (337, 373, 733) ಅವಿಭಾಜ್ಯ. 1187ರ ಗುಣ ಗಟ್ಟಿ ಜಾತಿಯದು: ಒಂದು ಕಳೆದು ಅರ್ಧ ಮಾಡಿದರೆ 593, ಅದೂ ಅವಿಭಾಜ್ಯ.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ?

400019ನ್ನು ಬರೆಯಲಾಗುವುದಿಲ್ಲ, ಹುಡುಕುವುದೇ ಬೇಡ. ಯಾವುದೇ ವರ್ಗವನ್ನು 4ರಿಂದ ಭಾಗಿಸಿದರೆ ಶೇಷ 0 ಅಥವಾ 1. ಎರಡು ವರ್ಗ ಕೂಡಿದರೆ 0, 1, 2 ಮಾತ್ರ. 400019ರ ಶೇಷ 3. ಮೂರು ವರ್ಗ ಸಾಕು: 631² + 43² + 3² = 398161 + 1849 + 9.

ಪುಣೆ, ಪಣಜಿಗಳ ಕತೆ ಬೇರೆಯೇ. 411001 = 400² + 501². ಮುಂಬೈಯ 400 ಪುಣೆಯೊಳಗೆ ಹೀಗೆ ಕೂತಿದೆ! 403001 = 560² + 299². ಇದು ಬರೀ ಅಲಂಕಾರವಲ್ಲ. ಎರಡೂ ಅವಿಭಾಜ್ಯ ಎಂದು ಇದರಿಂದಲೇ ಸಾಧಿಸಬಹುದು. 4ರಿಂದ ಭಾಗಿಸಿ 1 ಉಳಿಯುವ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಲು ಸಾಧ್ಯವಿದ್ದು, ಆ ಎರಡಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಅದು ಅವಿಭಾಜ್ಯ. ಗಣಿತಜ್ಞ ಆಯ್ಲರನ ದಾರಿ ಇದು.

"ಒಂದೇ ರೀತಿ" ಎಂದು ಖಾತ್ರಿ ಮಾಡುವುದು ಹೀಗೆ. 411001ನ್ನು 8ರಿಂದ ಭಾಗಿಸಿದರೆ ಶೇಷ 1. ಬೆಸ ವರ್ಗ ಯಾವಾಗಲೂ 1 ಉಳಿಸುತ್ತದೆ, ಆದ್ದರಿಂದ ಸಮ ವರ್ಗ 8ರಿಂದ ಹೋಗಬೇಕು. ಸಮಸಂಖ್ಯೆ 4ರ ಗುಣಕ. 641ರೊಳಗೆ ಅಂಥವು 160. ಇನ್ನು 5ನ್ನು ಹಿಡಿಯಿರಿ: ವರ್ಗಗಳು 5ಕ್ಕೆ ಉಳಿಸುವುದು 0, 1, 4. ಮೊತ್ತ 1 ಆಗಬೇಕಾದರೆ ಒಂದು 5ರ ಗುಣಕ ಆಗಲೇಬೇಕು. ಸಮಸಂಖ್ಯೆಯೇ 5ರ ಗುಣಕವಾದರೆ ಅದು 20, 40, ... 640, ಒಟ್ಟು 32. ಬೆಸಸಂಖ್ಯೆ ಆದರೆ ಅದರ ವರ್ಗ 25ರಲ್ಲಿ ಮುಗಿಯುತ್ತದೆ, ಇನ್ನೊಂದು ವರ್ಗ 76ರಲ್ಲಿ ಮುಗಿಯಬೇಕು, ಆ ಸಂಖ್ಯೆ 24 ಅಥವಾ 76ರಲ್ಲಿ ಮುಗಿಯಬೇಕು, ಅವು 13. ಒಟ್ಟು 45 ಪರೀಕ್ಷೆ. ಒಂದೊಂದರ ವರ್ಗವನ್ನು 411001ರಿಂದ ಕಳೆದು ವರ್ಗಮೂಲ ಒತ್ತಿ. 400ರಲ್ಲಿ ಮಾತ್ರ ಪೂರ್ಣಸಂಖ್ಯೆ (501) ಬರುತ್ತದೆ. 260ರಲ್ಲಿ ಮೋಸಹೋಗಬೇಡಿ: ಉಳಿಯುವ 343401ರ ವರ್ಗಮೂಲ 586.004, ದಶಮಾಂಶ ನೋಡದೆ 586 ಎಂದು ಬರೆದುಕೊಂಡರೆ ಲೆಕ್ಕ ಕೆಟ್ಟಿತು. ನೇರ ಭಾಗಾಕಾರಕ್ಕೆ 116 ಅವಿಭಾಜ್ಯಗಳು ಬೇಕಾಗುತ್ತಿದ್ದವು. ಪಣಜಿಗೂ ಇದೇ ಕ್ರಮ, ಪರೀಕ್ಷೆ 44.

ಕ್ರಮಾನುಗತ ಸಂಖ್ಯೆಗಳ ಮೊತ್ತವಾಗಿ?

ಮೂರು ರೀತಿ. 200009 + 200010. 1019ರಿಂದ 1355ರವರೆಗಿನ 337 ಸಂಖ್ಯೆಗಳು. 257ರಿಂದ 930ರವರೆಗಿನ 674 ಸಂಖ್ಯೆಗಳು. 1ನ್ನು ಬಿಟ್ಟು ಉಳಿದ ಪ್ರತಿ ಬೆಸ ಭಾಜಕಕ್ಕೆ ಒಂದು ರೀತಿ ಸಿಗುತ್ತದೆ.

1 ÷ 400019 ಬರೆದರೆ ದಶಮಾಂಶ ಎಲ್ಲಿ ಮರಳುತ್ತದೆ?

0.00000249988... ಎಂದು ಶುರುವಾಗಿ 199248 ಅಂಕಿಗಳಾದ ಮೇಲೆ ಮೊದಲಿಂದ ಮರಳುತ್ತದೆ. ಪುಟಕ್ಕೆ 3000 ಅಂಕಿ ಅಚ್ಚು ಹಾಕಿದರೆ 67 ಪುಟ. 337ರ ಆವರ್ತ 336, ಸಾಧ್ಯವಿರುವಷ್ಟು ಉದ್ದ. 1187ರದ್ದು 593, ಸಾಧ್ಯವಿರುವುದರ ಅರ್ಧ. ಎರಡರ ಲಸಾಅ 336 × 593 = 199248. ಕ್ಯಾಲ್ಕುಲೇಟರಿನ ಕಿಂಡಿಯಲ್ಲಿ ಮರಳಿಕೆ ಕಾಣದೆ "ಆವರ್ತವೇ ಇಲ್ಲ" ಎನ್ನಬೇಡಿ. ಭಿನ್ನರಾಶಿಯ ದಶಮಾಂಶ ಒಂದೋ ಮುಗಿಯುತ್ತದೆ, ಇಲ್ಲವೇ ಮರಳುತ್ತದೆ.

ಕಾಪ್ರೇಕರ್ ಲೆಕ್ಕ ಇದಕ್ಕೆ ಅನ್ವಯಿಸುತ್ತದೆಯೇ?

ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಮುಂಬೈಯ ಉತ್ತರಕ್ಕಿರುವ ಡಹಾಣುವಿನಲ್ಲಿ ಹುಟ್ಟಿ, ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಓದಿ, ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಬರಹದ ಗುಣಗಳ ವಿಷಯ ಬಂದರೆ ಈ ಸೀಮೆಯಲ್ಲಿ ಅವರ ಹೆಸರು ಬಾರದೆ ಇರದು.

ಅವರ ಪ್ರಸಿದ್ಧ ಲೆಕ್ಕ: ಅಂಕಿಗಳನ್ನು ಇಳಿಕೆಯಲ್ಲಿ, ಏರಿಕೆಯಲ್ಲಿ ಬರೆದು ಕಳೆಯುವುದು. ನಾಲ್ಕು ಅಂಕಿಗೆ (ನಾಲ್ಕೂ ಒಂದೇ ಆಗಿರದಿದ್ದರೆ) 7 ಹೆಜ್ಜೆಯೊಳಗೆ 6174 ಬರುತ್ತದೆ. ಆರು ಅಂಕಿಗೆ ಅಂಥ ಒಂದೇ ನೆಲೆ ಇಲ್ಲ; 549945, 631764 ಎಂಬೆರಡು ನೆಲೆಗಳು ಮತ್ತು ಏಳು ಸಂಖ್ಯೆಗಳ ಒಂದು ಸುಳಿ. 400019 ಬೀಳುವುದು ಸುಳಿಗೆ:

941000 − 000149 = 940851
985410 − 014589 = 970821
987210 − 012789 = 974421
974421 − 124479 = 849942
998442 − 244899 = 753543
755433 − 334557 = 420876

ಇಲ್ಲಿಂದ 851742, 750843, 840852, 860832, 862632, 642654, ಮತ್ತೆ 420876. ಗಾಣದ ಎತ್ತು. ಸಾಮಾನ್ಯ ತಪ್ಪು ಎಂದರೆ ಸೊನ್ನೆಗಳನ್ನು ನುಂಗುವುದು: 941000ದ ಬದಲು 941 ಬರೆದರೆ ಮೂರು ಅಂಕಿಯ ಲೆಕ್ಕಕ್ಕೆ ಹೋಗಿಬಿಡುತ್ತೀರಿ.

ಅವರದೇ ಇನ್ನೊಂದು ಲೆಕ್ಕ ನಮಗೆ ಹೆಚ್ಚು ಹಿಡಿಸುತ್ತದೆ. ಒಂದು ಸಂಖ್ಯೆಗೆ ಅದರ ಅಂಕಿಗಳ ಮೊತ್ತ ಕೂಡಿದರೆ ಹುಟ್ಟುವ ಸಂಖ್ಯೆಗೆ ಮೊದಲಿನದು ಜನಕ. ಜನಕವೇ ಇಲ್ಲದ್ದು ಸ್ವಯಂಭೂ. ಎರಡು ಜನಕಗಳಿದ್ದರೆ ಜಂಕ್ಷನ್. 400012 + 7 = 400019. 399976 + 43 = 400019. ಅಂದರೆ ಮಾಟುಂಗಾ ಜಂಕ್ಷನ್! ದಾದರ್ ಪಕ್ಕದವರಿಗೆ ಇದು ಸರಿಯೇ. 400001ಕ್ಕೆ ಒಂದೇ ಜನಕ (399958), 411001ಕ್ಕೂ ಒಂದೇ (410975).

403001ಕ್ಕೆ? ಜನಕವಿದ್ದರೆ ಅದು 4029ರಿಂದ ಶುರುವಾಗಬೇಕು. ಕೊನೆಯ ಎರಡು ಅಂಕಿಗಳ ಪೈಕಿ ಹತ್ತರ ಸ್ಥಾನದ್ದಕ್ಕೆ 11 ಪಟ್ಟು, ಬಿಡಿಸ್ಥಾನದ್ದಕ್ಕೆ 2 ಪಟ್ಟು ಕೂಡಿ 86 ಬರಬೇಕು. 11 × 7 = 77, ಉಳಿದ 9 ಬೆಸ. 11 × 6 = 66, ಉಳಿದ 20ಕ್ಕೆ ಬಿಡಿಸ್ಥಾನದಲ್ಲಿ 10 ಬೇಕು, ಅಂಥ ಅಂಕಿಯಿಲ್ಲ. ಬೇರೆ ಯಾವುದೂ ಹೊಂದದು. ಪಣಜಿ ಸ್ವಯಂಭೂ, ಅದರ ಮೇಲೆ ಅವಿಭಾಜ್ಯವೂ ಹೌದು.

ಸಂಖ್ಯಾಶಾಸ್ತ್ರದ ಪ್ರಕಾರ ಇದು 5, ಶುಭವೇ?

ಅಂಕಿಗಳ ಮೊತ್ತದ ಮೊತ್ತ 5 ಎಂದರೆ 9ರಿಂದ ಭಾಗಿಸಿದರೆ 5 ಉಳಿಯುತ್ತದೆ ಎಂದಷ್ಟೇ.

ತಿರುಗಿಸಿ ಕೂಡಿದರೆ?

400019 + 910004 = 1310023. ಅದನ್ನೂ ತಿರುಗಿಸಿ: 1310023 + 3200131 = 4510154. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಎರಡೇ ಹೆಜ್ಜೆಗೆ, ಬೇಗ ಸಿಕ್ಕಿತು.

ದ್ವಿಮಾನ, ಷೋಡಶಮಾನದಲ್ಲಿ?

1100001101010010011, 19 ಅಂಕಿ, ಅದರಲ್ಲಿ 9 ಒಂದುಗಳು. ಷೋಡಶಮಾನದಲ್ಲಿ (ಹದಿನಾರರ ಲೆಕ್ಕದಲ್ಲಿ, 10ಕ್ಕೆ ಎ) 61ಎ93.

ಎಕ್ಸೆಲ್‌ನಲ್ಲಿ ಘನ ಮಾಡಿದರೆ ಕೊನೆಯಲ್ಲಿ ಸೊನ್ನೆಗಳು ಬರುತ್ತವೆ, ಏಕೆ?

400019³ = 64009120433206859, 17 ಅಂಕಿ. ಎಕ್ಸೆಲ್ 15 ಅಂಕಿಯ ತನಕ ಮಾತ್ರ ತೋರಿಸುತ್ತದೆ, ಹಿಂದಿನ ಎರಡು ಜಾಗಕ್ಕೆ ಸೊನ್ನೆ ತುಂಬುತ್ತದೆ. 9ರಲ್ಲಿ ಮುಗಿಯುವ ಸಂಖ್ಯೆಯ ಘನ 9ರಲ್ಲೇ ಮುಗಿಯಬೇಕು. ಸೊನ್ನೆ ಕಂಡೊಡನೆ ಉತ್ತರ ಪೂರ್ತಿಯಲ್ಲ ಎಂದು ತಿಳಿಯಿರಿ. ವರ್ಗಕ್ಕೆ ಈ ಕಾಟವಿಲ್ಲ: 160015200361, 12 ಅಂಕಿ. ಘನವನ್ನು ಪೂರ್ತಿ ಬೇಕೆಂದರೆ ತುಂಡು ಮಾಡಿ: ವರ್ಗವನ್ನು 400000ದಿಂದ ಗುಣಿಸಿದರೆ 64006080144400000 (160015200361ನ್ನು 4ರಿಂದ ಗುಣಿಸಿ ಐದು ಸೊನ್ನೆ ಹಚ್ಚಿದರಾಯಿತು), 19ರಿಂದ ಗುಣಿಸಿದರೆ 3040288806859. ಎರಡನ್ನೂ ಹಾಳೆಯ ಮೇಲೆ ಬಲಕ್ಕೆ ಸಾಲು ಹಿಡಿದು ಬರೆದು ಕೈಯಿಂದ ಕೂಡಿ.